ಎಷ್ಟು ಮಂದಿ ಮನ್ರೋ?

ಬಳ್ಳಾರಿ, ಅನಂತಪುರ ಸೀಮೆಯಲ್ಲಿ ಹಿಂದೆ ಕೆಲವು ಗಂಡುಮಕ್ಕಳಿಗೆ ‘ಮನ್ರೋಲಪ್ಪ’ ಅಂತ ಹೆಸರಿಡುತ್ತಿದ್ದರಂತೆ. ನಗಬೇಡಿ. ಸಮಾಜ ಪಾಠದಲ್ಲಿ ರೈತವಾರಿ ಪದ್ಧತಿ ಬರುತ್ತದಲ್ಲ, ಅದನ್ನು ತಂದ ಥಾಮಸ್ ಮನ್ರೋ ಸಾಹೇಬನ ಹೆಸರು ಅದು. ಬಕ್ಸಾರ್ ಕದನದ ಪಾಠದಲ್ಲಿ ಹೆಕ್ಟರ್ ಮನ್ರೋ ಅಂತ ಇನ್ನೊಬ್ಬ ಬರುತ್ತಾನೆ. ಇಬ್ಬರನ್ನೂ ಒಬ್ಬನೇ ಮಾಡಿ ಬರೆದು ಅಂಕ ಕಳೆದುಕೊಂಡವರು ನಮ್ಮ ತರಗತಿಯಲ್ಲೇ ಇದ್ದಾರೆ, ಹೆಸರು ಬೇಡ. ಬಕ್ಸಾರ್ ಕದನ ನಡೆದದ್ದು 1764ರಲ್ಲಿ. ಆಗ ಥಾಮಸ್‌ಗೆ ಬರೀ ಮೂರು ವರ್ಷ!

ಮನ್ರೋ ಎಂಬುದು ಸ್ಕಾಟ್ಲೆಂಡ್ ದೇಶದ ಅಡ್ಡಹೆಸರು. ಅಲ್ಲಿ ಉತ್ತರದ ಗುಡ್ಡಗಾಡಿನಲ್ಲಿ ಜನರು ‘ಕ್ಲಾನ್’ ಎಂಬ ಕುಲಗಳಾಗಿ ಬಾಳುತ್ತಿದ್ದರು. ಕುಲಕ್ಕೊಬ್ಬ ನಾಯಕ. ಮನ್ರೋ ಕುಲದ ನಾಯಕರ ಮನೆ ಫೌಲಿಸ್ ಕೋಟೆ. ನಾಯಕನ ಸಂಬಂಧಿಕರು ಮಾತ್ರವಲ್ಲ, ಅವನ ಆಶ್ರಯದಲ್ಲಿದ್ದವರೂ ಎಷ್ಟೋ ಸಲ ಅವನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ಆದ್ದರಿಂದ ಮನ್ರೋಗಳೆಲ್ಲ ಅಣ್ಣತಮ್ಮಂದಿರಲ್ಲ.

ಈ ಹೆಸರಿನವರು ಎಲ್ಲೆಲ್ಲಿ ಇದ್ದಾರೆ ನೋಡಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಒಬ್ಬರಾದ ಮೇಲೊಬ್ಬರು 1720ರಿಂದ 1846ರವರೆಗೆ ಶರೀರ ರಚನೆ ಕಲಿಸಿದರು. ಮೂವರ ಹೆಸರೂ ಅಲೆಕ್ಸಾಂಡರ್! ಹಾಜರಿ ಕರೆಯುವಾಗ ಏನು ಗತಿಯೋ? ಅದಕ್ಕೇ ಅವರನ್ನು ಒಂದನೆಯವ, ಎರಡನೆಯವ, ಮೂರನೆಯವ ಅಂತ ಗುರುತಿಸುತ್ತಾರೆ. ಹ್ಯೂ ಮನ್ರೋ ಎಂಬವನು 1891ರಲ್ಲಿ ಸ್ಕಾಟ್ಲೆಂಡಿನಲ್ಲಿ 3000 ಅಡಿ ಮೀರಿದ ಬೆಟ್ಟಗಳ ಪಟ್ಟಿ ಮಾಡಿದ. ಈಗ ಅಂಥ ಬೆಟ್ಟಕ್ಕೇ ‘ಮನ್ರೋ’ ಅನ್ನುತ್ತಾರೆ, ಒಟ್ಟು 282 ಇವೆ. (ನಮ್ಮ ಮುಳ್ಳಯ್ಯನಗಿರಿ 6000 ಅಡಿಗೂ ಹೆಚ್ಚು. ಅಲ್ಲಿದ್ದರೆ ಅದೇ ರಾಜ!) ಕೆನಡಾದ ಕಥೆಗಾರ್ತಿ ಆಲಿಸ್ ಮನ್ರೋ ಅವರಿಗೆ 2013ರಲ್ಲಿ ನೊಬೆಲ್ ಬಂತು. ಅವರಿಗೆ ಈ ಹೆಸರು ಬಂದದ್ದು ಗಂಡನ ಮನೆಯಿಂದ. ಕೇರಳದ ಕೊಲ್ಲಂ ಹತ್ತಿರ ಮನ್ರೋ ದ್ವೀಪ ಇದೆ. ಅದು ತಿರುವಾಂಕೂರಿನಲ್ಲಿ ದಿವಾನನಾಗಿದ್ದ ಜಾನ್ ಮನ್ರೋ ಹೆಸರಿನದು, ನಮ್ಮ ಥಾಮಸ್‌ದಲ್ಲ.

ಇನ್ನು ಪಾಠದ ಇಬ್ಬರು. ಹೆಕ್ಟರ್ ಬಕ್ಸಾರಿನಲ್ಲಿ ಗೆದ್ದ, ಸರಿ. ಆದರೆ 1780ರಲ್ಲಿ ಹೈದರ್ ಮತ್ತು ಟಿಪ್ಪು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಮುತ್ತಿದಾಗ ಇವನು ಹತ್ತಿರದ ಕಂಚಿಯಲ್ಲೇ ಇದ್ದ. ಸಮಯಕ್ಕೆ ನೆರವಿಗೆ ಹೋಗಲಿಲ್ಲ. ಆಮೇಲೆ ದೊಡ್ಡ ಫಿರಂಗಿಗಳನ್ನು ದೇವಸ್ಥಾನದ ಕೊಳಕ್ಕೆ ತಳ್ಳಿ ಮದರಾಸಿಗೆ ಹಿಂತಿರುಗಿದ. ಆ ಯುದ್ಧದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿದೆ. ಪ್ರವಾಸ ಹೋದರೆ ತಪ್ಪದೆ ನೋಡಿ. ಅದೇ ವರ್ಷ ಮದರಾಸಿಗೆ ಬಂದಿಳಿದಿದ್ದ ಹುಡುಗ ಥಾಮಸ್, ಇದೇ ಹೆಕ್ಟರನ ಸೈನ್ಯದಲ್ಲಿ ಸಿಪಾಯಿಗಿರಿ ಶುರು ಮಾಡಿದ. ಇಬ್ಬರೂ ದೂರದ ಸಂಬಂಧಿಗಳು.

ಟಿಪ್ಪು ಸತ್ತ ಮೇಲೆ, 1799ರಲ್ಲಿ, ಥಾಮಸ್‌ನನ್ನು ಕೆನರಾ ಜಿಲ್ಲೆಗೆ ಕಲೆಕ್ಟರ್ ಮಾಡಿದರು. ಅದು ಅವನಿಗೆ ಹಿಡಿಸಲಿಲ್ಲ, ಬೇರೆ ಕಡೆ ಹಾಕಿ ಅಂತ ಬರೆದು ಬರೆದು ವರ್ಗ ಮಾಡಿಸಿಕೊಂಡ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಕಡಪ ಸೀಮೆಗೆ ಬಂದು 1807ರವರೆಗೆ ಇದ್ದ. ಪಾಳೆಗಾರರನ್ನು ಅಡಗಿಸಿದ. ಡೇರೆ ಹಾಕಿಕೊಂಡು ಊರೂರು ತಿರುಗಿ ಹೊಲ ಅಳೆಸಿದ. ಮಣ್ಣು ಎಂಥದ್ದು ಅಂತ ನೋಡಿ ಕಂದಾಯ ಗೊತ್ತು ಮಾಡಿ, ಜಮೀನ್ದಾರರನ್ನು ನಡುವೆ ಬಿಟ್ಟುಕೊಳ್ಳದೆ ರೈತನ ಹೆಸರಿಗೇ ಪಟ್ಟಾ ಕೊಡಿಸಿದ. ರೈತವಾರಿ ಅಂದರೆ ಇದೇ.

ಹಾಗಂತ ಅವನನ್ನು ದೇವರು ಮಾಡಬೇಕಿಲ್ಲ. ಕಂಪನಿಯ ಬೊಕ್ಕಸ ತುಂಬಿಸುವುದೇ ಅವನ ಕೆಲಸ. ಕಂದಾಯ ವಿಪರೀತವಿತ್ತು, ಕಟ್ಟಲು ರೈತರು ಸಾಲ ಮಾಡಬೇಕಾಗುತ್ತಿತ್ತು. ಅವನಿಗೂ ಅದು ಗೊತ್ತಿತ್ತು. ಕಾಲು ಭಾಗ ಇಳಿಸಿರಿ ಅಂತ 1807ರಲ್ಲಿ ಅವನೇ ಬರೆದ, ಮೇಲಿನವರು ಕೇಳಲಿಲ್ಲ. 1820ರಲ್ಲಿ ತಾನೇ ಮದರಾಸಿನ ಗವರ್ನರ್ ಆದ ಮೇಲೆ ಇಳಿಸಿದ. ಮನ್ರೋಲಪ್ಪ ಅಂತ ಜನ ಯಾಕೆ ಹೆಸರಿಟ್ಟರು ಎಂಬುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನಗನಿಸುತ್ತದೆ. ಮಂತ್ರಾಲಯದಲ್ಲಿ ಅವನಿಗೆ ರಾಘವೇಂದ್ರ ಸ್ವಾಮಿಗಳು ವೃಂದಾವನದಿಂದ ಮಾತಾಡಿದರು ಎಂಬ ಕಥೆಯನ್ನು ಮನೆಯಲ್ಲಿ ಹಿರಿಯರಿಂದ ಕೇಳಿರಬಹುದು.

ಊರಿಗೆ ಮರಳುವ ಮುನ್ನ ಈ ಸೀಮೆಯನ್ನು ಇನ್ನೊಮ್ಮೆ ನೋಡಿ ಹೋಗೋಣ ಅಂತ 1827ರಲ್ಲಿ ಹೊರಟ. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿದರು, 1831ರಲ್ಲಿ ಮದರಾಸಿನ ಚರ್ಚಿಗೆ ಸಾಗಿಸಿದರು. ಚೆನ್ನೈನಲ್ಲಿ ಅವನ ಪ್ರತಿಮೆ ಇದೆ. ಕುದುರೆ ಮೇಲೆ ಕೂತಿದ್ದಾನೆ, ಆದರೆ ಜೀನೂ ಇಲ್ಲ, ರಿಕಾಪೂ ಇಲ್ಲ!