ದೂರದ ಹಕ್ಕಿಯ ಚಿತ್ರ

ಶ್ರೀರಂಗಪಟ್ಟಣದ ಸಮೀಪದಲ್ಲಿ, ಕಾವೇರಿ ನದಿಯ ನಡುಗಡ್ಡೆಗಳಲ್ಲಿ, ರಂಗನತಿಟ್ಟು ಪಕ್ಷಿಧಾಮವಿದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. ಕೊಕ್ಕರೆ ಮೊದಲಾದ ನೀರುಹಕ್ಕಿಗಳು ಅಲ್ಲಿನ ಮರಗಳ ಮೇಲೆ ಗೂಡು ಕಟ್ಟಿ ಮರಿಮಾಡುತ್ತವೆ. ದೋಣಿಯಲ್ಲಿ ಕುಳಿತ ಛಾಯಾಗ್ರಾಹಕನು ಚಿತ್ರ ತೆಗೆದರೆ, ದೂರದ ಹಕ್ಕಿ ಅದರಲ್ಲಿ ಒಂದು ಚುಕ್ಕೆಯಂತೆ ಉಳಿಯುವುದುಂಟು. ಗೂಡಿನ ಹತ್ತಿರಕ್ಕೇ ಹೋಗಬಾರದೆ ಎಂದು ನೀವು ಕೇಳಬಹುದು. ಖಂಡಿತ ಹೋಗಬಾರದು. ಬೆದರಿದ ತಾಯಿಹಕ್ಕಿ ಹಾರಿಹೋದರೆ ಮೊಟ್ಟೆಮರಿಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ. ಹಾಗಾದರೆ ಹಕ್ಕಿಯನ್ನು ಅದರ ಪಾಡಿಗೆ ಬಿಟ್ಟು, ಚಿತ್ರವನ್ನು ಮಾತ್ರ ದೊಡ್ಡದಾಗಿ ಪಡೆಯುವ ಬಗೆ ಹೇಗೆ?

ದೂರದ ವಸ್ತುವಿನ ಬಿಂಬದ ಗಾತ್ರವು ಮಸೂರದ ಸಂಗಮ ದೂರವನ್ನು ಅವಲಂಬಿಸಿದೆ. ಸಂಗಮ ದೂರ ಎರಡರಷ್ಟಾದರೆ ಬಿಂಬದ ಎತ್ತರವೂ ಎರಡರಷ್ಟಾಗುತ್ತದೆ. ಆದರೆ 600 ಮಿಲಿಮೀಟರಿನ ಟೆಲಿಫೋಟೊ ಮಸೂರ ಬಲು ಭಾರವಾದುದು, ದುಬಾರಿಯಾದುದು. 300 ಮಿಲಿಮೀಟರಿನ ಮಸೂರವಿರುವವನಿಗೆ ಎರಡು ದಾರಿಗಳಿವೆ.

ಮೊದಲನೆಯದು, ಚಿತ್ರ ತೆಗೆದ ಮೇಲೆ ಸುತ್ತಲಿನ ಭಾಗವನ್ನು ಕತ್ತರಿಸಿ, ಹಕ್ಕಿಯಿರುವ ಭಾಗವನ್ನು ಹಿಗ್ಗಿಸುವುದು. ಇದಕ್ಕೆ ಹಣದ ಖರ್ಚಿಲ್ಲ; ನಷ್ಟವುಂಟು. 24 ಮೆಗಾಪಿಕ್ಸೆಲ್ ಚಿತ್ರದ ಅಗಲವನ್ನೂ ಎತ್ತರವನ್ನೂ ಅರ್ಧಕ್ಕಿಳಿಸಿದರೆ ಉಳಿಯುವುದು 12 ಅಲ್ಲ, ಕೇವಲ 6 ಮೆಗಾಪಿಕ್ಸೆಲ್. ಹತ್ತು ಅಂಗುಲ ಅಗಲದ ಮುದ್ರಣಕ್ಕೆ ಇಷ್ಟು ಸಾಕು. ಗೋಡೆಯಳತೆಯ ಚಿತ್ರವನ್ನು ಹತ್ತಿರದಿಂದ ನೋಡಿದರೆ ಸೂಕ್ಷ್ಮ ವಿವರಗಳ ಕೊರತೆ ಕಾಣುತ್ತದೆ.

ಎರಡನೆಯದು, ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ ಟೆಲಿಕನ್ವರ್ಟರನ್ನು ಜೋಡಿಸುವುದು. ಇದು ಒಟ್ಟಾಗಿ ನಿಮ್ನ ಮಸೂರದಂತೆ ವರ್ತಿಸುವ ಗಾಜುಗಳ ಸಮೂಹ. ಇಮ್ಮಡಿ ಶಕ್ತಿಯ ಕನ್ವರ್ಟರು 300 ಮಿಲಿಮೀಟರಿನ ಮಸೂರವನ್ನು 600 ಮಿಲಿಮೀಟರಿನದಾಗಿಸುತ್ತದೆ. ಆದರೆ ಅದೇ ಬೆಳಕು ನಾಲ್ಕರಷ್ಟು ವಿಸ್ತೀರ್ಣದಲ್ಲಿ ಹರಡುವುದರಿಂದ ಬಿಂಬದ ಪ್ರಕಾಶ ಕಾಲುಭಾಗಕ್ಕೆ ಇಳಿಯುತ್ತದೆ. ಸೆಕೆಂಡಿನ 1/1000 ಭಾಗದಲ್ಲಿ ತೆಗೆಯಬಹುದಾಗಿದ್ದ ಚಿತ್ರಕ್ಕೆ 1/250 ಭಾಗ ಬೇಕಾಗುತ್ತದೆ. ಅಷ್ಟರಲ್ಲಿ ಹಾರುವ ಹಕ್ಕಿಯ ರೆಕ್ಕೆ ಮಸುಕಾಗಬಹುದು. ವೇಗವನ್ನು ಉಳಿಸಿಕೊಳ್ಳಲು ಕ್ಯಾಮೆರಾದ ಸಂವೇದನೆಯನ್ನು ಹೆಚ್ಚಿಸಿದರೆ ಚಿತ್ರದಲ್ಲಿ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಮಸೂರದ ದೋಷಗಳೂ ಬಿಂಬದೊಂದಿಗೆ ಹಿಗ್ಗುತ್ತವೆ.

ಹಾಗೆಂದು ಕತ್ತರಿಸುವುದೇ ಲಾಭವೆಂದು ಭಾವಿಸಬಾರದು. ಷಟರಿನ ವೇಗ ಒಂದೇ ಆಗಿದ್ದರೆ, ಹಕ್ಕಿಯಿಂದ ಹೊರಟು ಮಸೂರವನ್ನು ಹೊಕ್ಕ ಬೆಳಕು ಎರಡು ವಿಧಾನಗಳಲ್ಲಿಯೂ ಅಷ್ಟೇ. ಕನ್ವರ್ಟರು ಅದನ್ನು ಮೊದಲೇ ಹರಡುತ್ತದೆ. ಕತ್ತರಿಸುವವನು ಅದರ ಚಿತ್ರವನ್ನು ಆಮೇಲೆ ಹಿಗ್ಗಿಸುತ್ತಾನೆ, ಆಗ ಕಾಳುಗಳೂ ಹಿಗ್ಗುತ್ತವೆ. ಬೆಳಕನ್ನು ಹೆಚ್ಚಿಸುವ ಶಕ್ತಿ ಎರಡಕ್ಕೂ ಇಲ್ಲ. ಕನ್ವರ್ಟರಿನ ನಿಜವಾದ ಉಪಯೋಗವೆಂದರೆ, ಹಕ್ಕಿಯ ಬಿಂಬವನ್ನು ಹೆಚ್ಚು ಪಿಕ್ಸೆಲ್‌ಗಳ ಮೇಲೆ ಬೀಳಿಸುವುದು. ಮಸೂರ ಉತ್ತಮವಾಗಿದ್ದು ಸೂಕ್ಷ್ಮ ವಿವರಗಳನ್ನು ಒದಗಿಸಬಲ್ಲದಾದರೆ ಮಾತ್ರ ಆ ಪಿಕ್ಸೆಲ್‌ಗಳು ಸಾರ್ಥಕವಾಗುತ್ತವೆ.

ಆದ್ದರಿಂದ ಸಂದರ್ಭವನ್ನು ನೋಡಿ ಆರಿಸಿಕೊಳ್ಳಬೇಕು. ಒಳ್ಳೆಯ ಬಿಸಿಲು, ಅಲುಗದೆ ಕುಳಿತ ಹಕ್ಕಿ, ಉತ್ತಮ ಮಸೂರ, ಇವು ಮೂರೂ ಕೂಡಿದ್ದರೆ ಕನ್ವರ್ಟರು ಸಹಕಾರಿ. ಮುಂಜಾನೆಯ ಮಂದ ಬೆಳಕಿನಲ್ಲಿ, ತೂಗಾಡುವ ದೋಣಿಯಿಂದ, ಹಾರುವ ಕೊಕ್ಕರೆಯನ್ನು ಸೆರೆಹಿಡಿಯುವುದಾದರೆ ಕನ್ವರ್ಟರಿಲ್ಲದೆ ತೆಗೆದು ಆಮೇಲೆ ಕತ್ತರಿಸುವುದೇ ಲೇಸು. ವಿಶಾಲವಾದ ನೋಟದಲ್ಲಿ ಹಕ್ಕಿ ತಪ್ಪಿಸಿಕೊಳ್ಳುವುದು ಕಡಿಮೆ.

ಎರಡರಿಂದಲೂ ಚಿತ್ರ ಚೆನ್ನಾಗಿ ಬಾರದಿದ್ದರೆ ಚಿಕ್ಕ ಚಿತ್ರಕ್ಕೇ ತೃಪ್ತಿಪಡಬೇಕು. ಆ ದಿನ ಒಳ್ಳೆಯ ಚಿತ್ರ ದೊರೆಯದಿದ್ದರೂ ಗೂಡಿನಲ್ಲಿ ಮರಿ ಸುಖವಾಗಿರುತ್ತದೆ.