‘ಹೆಲ್ಪ್’ ಎಂದರೆ ಬರೀ ಸಹಾಯವಲ್ಲ

‘ಐ ಕುಡ್ ನಾಟ್ ಹೆಲ್ಪ್ ಲಾಫಿಂಗ್.’ ಈ ವಾಕ್ಯವನ್ನು ಕನ್ನಡಕ್ಕೆ ತರುವಾಗ ವಿದ್ಯಾರ್ಥಿ ಪದಕ್ಕೆ ಪದ ಇಟ್ಟು ‘ನಗುವುದಕ್ಕೆ ನಾನು ಸಹಾಯ ಮಾಡಲಾಗಲಿಲ್ಲ’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ, ಅಂಕವೂ ಹೋಗುತ್ತದೆ. ಅಲ್ಲಿರುವುದು ‘ನಗು ತಡೆಯಲಾಗಲಿಲ್ಲ’ ಎಂಬ ಮಾತು.

ಸಹಾಯಕ್ಕೂ ತಡೆಯುವುದಕ್ಕೂ ಎಲ್ಲಿಯ ನಂಟು? ಹಿಂದಿನ ಇಂಗ್ಲಿಷಿನಲ್ಲಿ ಕಾಯಿಲೆಯನ್ನು ವಾಸಿ ಮಾಡುವುದಕ್ಕೂ ‘ಹೆಲ್ಪ್’ ಎನ್ನುತ್ತಿದ್ದರು. ಪರಿಹಾರ ಎಂಬ ಅರ್ಥದಿಂದ ತಪ್ಪಿಸುವುದು, ತಡೆಯುವುದು ಎಂಬ ಅರ್ಥಕ್ಕೆ ದೂರವಿಲ್ಲ. ‘ಇಟ್ ಕಾಂಟ್ ಬಿ ಹೆಲ್ಪ್ಡ್’ ಎಂದರೆ ‘ಏನೂ ಮಾಡುವ ಹಾಗಿಲ್ಲ’ ಎಂದೇ ಹೊರತು ನೆರವು ಸಿಗದು ಎಂದಲ್ಲ.

ಊಟದ ಮೇಜಿನಲ್ಲಿ ಈ ಪದಕ್ಕೆ ಬೇರೆಯೇ ರುಚಿ. ‘ಹೆಲ್ಪ್ ಯುವರ್‌ಸೆಲ್ಫ್’ ಎಂದು ಆತಿಥೇಯರು ಹೇಳಿದರೆ ‘ನಿನ್ನ ಕೆಲಸ ನೀನೇ ನೋಡಿಕೋ’ ಎಂದು ಮುನಿಸಿಕೊಳ್ಳಬೇಕಿಲ್ಲ; ‘ಸಂಕೋಚ ಬೇಡ, ಬೇಕಾದ್ದು ಬಡಿಸಿಕೊಳ್ಳಿ’ ಎಂಬ ಉಪಚಾರ ಅದು. ಒಂದು ಸಲ ಬಡಿಸಿಕೊಂಡಷ್ಟು ಊಟಕ್ಕೆ ‘ಹೆಲ್ಪಿಂಗ್’ ಎಂದೇ ಹೆಸರು.

ಈ ಪದದ ವಂಶದಲ್ಲಿ ಒಂದು ತಮಾಷೆಯೂ ಇದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಆದಾಮನಿಗೆ ‘ಹೆಲ್ಪ್ ಮೀಟ್’ ಬೇಕೆಂಬ ಮಾತು ಬರುತ್ತದೆ. ‘ಮೀಟ್’ ಎಂದರೆ ಆಗ ‘ತಕ್ಕ’ ಎಂದರ್ಥ. ಅಂದರೆ ಅವನಿಗೆ ತಕ್ಕ ನೆರವು. ಓದಿದವರು ಎರಡನ್ನೂ ಕೂಡಿಸಿ ‘ಹೆಲ್ಪ್‌ಮೀಟ್’ ಎಂಬ ಒಂದೇ ಪದ ಮಾಡಿಕೊಂಡರು. ಅದರ ಬೆನ್ನಿಗೇ ‘ಹೆಲ್ಪ್‌ಮೇಟ್’ ಬಂದು ಬಾಳಸಂಗಾತಿಯಾಯಿತು. ಇಂಗ್ಲಿಷರೇ ಎಡವಿ ಹುಟ್ಟಿಸಿದ ಪದ ಇದು!

ಕನ್ನಡಿಗರು ಎಡವುವ ಜಾಗ ಬೇರೆ. ‘ನನಗೆ ಸಹಾಯ ಮಾಡಿದ’ ಎಂಬಲ್ಲಿನ ‘ಗೆ’ ನಾಲಿಗೆಯ ಮೇಲಿರುವುದರಿಂದ ‘ಹಿ ಹೆಲ್ಪ್ಡ್ ಟು ಮಿ’ ಎಂಬ ವಾಕ್ಯ ಹೊರಡುತ್ತದೆ. ಇಂಗ್ಲಿಷಿಗೆ ಆ ‘ಟು’ ಬೇಡ; ‘ಹೆಲ್ಪ್ಡ್ ಮಿ’ ಸಾಕು. ಯಾವುದರಲ್ಲಿ ನೆರವಾದ ಎನ್ನುವುದಕ್ಕೆ ‘ವಿತ್’ ಬೇಕು: ‘ಹಿ ಹೆಲ್ಪ್ಡ್ ಮಿ ವಿತ್ ಮೈ ಹೋಂವರ್ಕ್’. ಮನೆಯಲ್ಲಿ ಮಕ್ಕಳನ್ನು ಓದಿಸುವ ಹಿರಿಯರು ಇದೊಂದನ್ನು ತಿದ್ದಿದರೂ ದೊಡ್ಡ ಉಪಕಾರ.

ಆದರೆ ಮುಂದೆ ಕ್ರಿಯಾಪದ ಬಂದಾಗ ‘ಟು’ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ‘ಹೆಲ್ಪ್ ಮಿ ಟು ಕ್ಯಾರಿ ದಿಸ್’, ‘ಹೆಲ್ಪ್ ಮಿ ಕ್ಯಾರಿ ದಿಸ್’ ಎರಡೂ ಶುದ್ಧ ಇಂಗ್ಲಿಷ್. ಎರಡನೆಯದಕ್ಕೆ ಕೆಂಪು ಶಾಯಿಯ ಗೆರೆ ಎಳೆದು ಅಂಕ ಕತ್ತರಿಸುವುದು ಅನ್ಯಾಯ.