ಡಬ್ಬಿಯ ಮೇಲಿನ ಅಂಕೆ

ಹಾಲು ಮಾರುವವರ ಹಳೆಯ ಉಪಾಯವೊಂದನ್ನು ವಾಚಕರಲ್ಲಿ ಅನೇಕರು ಬಲ್ಲರು. ಹಾಲಿಗೆ ನೀರು ಬೆರೆಸಿದರೆ ಅದರ ಸಾಂದ್ರತೆ ತಗ್ಗುತ್ತದೆ. ಲ್ಯಾಕ್ಟೋಮೀಟರು ಹೆಚ್ಚು ಆಳಕ್ಕೆ ಮುಳುಗಿ ಕಳ್ಳತನವನ್ನು ಬಯಲಿಗೆಳೆಯುತ್ತದೆ. ಆದರೆ ಮೊದಲು ಕೆನೆಯನ್ನು ತೆಗೆದು ಅನಂತರ ನೀರು ಸೇರಿಸಿದರೆ? ಕೆನೆಯು ಹಗುರವಾದುದರಿಂದ ಅದು ಹೋದಾಗ ಸಾಂದ್ರತೆ ಏರುತ್ತದೆ. ನೀರು ಬಿದ್ದಾಗ ಇಳಿಯುತ್ತದೆ. ಎರಡನ್ನೂ ಹದವರಿತು ಮಾಡಿದವನ ಹಾಲಿನಲ್ಲಿ ಉಪಕರಣವು ನಿಲ್ಲಬೇಕಾದ ಗೆರೆಗೇ ಬಂದು ನಿಲ್ಲುತ್ತದೆ. ಉಪಕರಣವು ಸುಳ್ಳಾಡಿತೆ? ಇಲ್ಲ. ಅದು ಅಳೆದುದು ಸಾಂದ್ರತೆಯನ್ನು. ಹಾಲಿನ ಒಳ್ಳೆಯತನವನ್ನು ಊಹಿಸಿಕೊಂಡವರು ನಾವು.

ಈ ಮಾತು ನೆನಪಿಗೆ ಬಂದುದು ನನ್ನ ವಿದ್ಯಾರ್ಥಿಯೊಬ್ಬನ ದೆಸೆಯಿಂದ. ಅಂಗಸಾಧನೆಯಲ್ಲಿ ಆಸಕ್ತನಾದ ಆತನು ಪ್ರೋಟೀನು ಪುಡಿಯ ಡಬ್ಬಿಯೊಂದನ್ನು ಪ್ರಯೋಗಶಾಲೆಗೆ ತಂದಿದ್ದನು. ಅದರ ಬೆಲೆ ಅವನ ಒಂದು ತಿಂಗಳ ಊಟದ ಖರ್ಚಿಗೆ ಹತ್ತಿರ ಹತ್ತಿರವಾಗಿತ್ತು. ಒಂದು ಚಮಚಕ್ಕೆ, ಎಂದರೆ 30 ಗ್ರಾಂ ಪುಡಿಗೆ, 24 ಗ್ರಾಂ ಪ್ರೋಟೀನು ಎಂದು ಮೇಲೆ ಅಚ್ಚಾಗಿತ್ತು. ‘ಇದು ನಿಜವೆ, ಸಾರ್? ತೂಗಿ ನೋಡಿದರೆ ತಿಳಿಯುವುದಿಲ್ಲವೆ?’ ಎಂದು ಕೇಳಿದನು. ಪ್ರಶ್ನೆ ಸರಳವೇ, ಆದರೆ ಪ್ರೋಟೀನನ್ನು ನೇರವಾಗಿ ತೂಗಿ ಹೇಳುವ ತಕ್ಕಡಿ ಎಲ್ಲಿಯೂ ಇಲ್ಲ.

ಈ ಕಾರ್ಯಕ್ಕೆ ಇಂದಿಗೂ ಬಳಕೆಯಲ್ಲಿರುವ ವಿಧಾನವನ್ನು ರೂಪಿಸಿದವನು ಯೋಹಾನ್ ಕೆಲ್ದಾಲ್ ಎಂಬ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯವು ಬಿಯರ್ ತಯಾರಕರು ಕಟ್ಟಿಸಿದ ಸಂಸ್ಥೆ. ಬಾರ್ಲಿಯಲ್ಲಿ ಎಷ್ಟು ಪ್ರೋಟೀನಿದೆ ಎಂಬುದು ಅವರಿಗೆ ವ್ಯಾಪಾರದ ಪ್ರಶ್ನೆಯಾಗಿದ್ದಿತು. 1883ರಲ್ಲಿ ಕೆಲ್ದಾಲನು ಪ್ರಕಟಿಸಿದ ಕ್ರಮ ಹೀಗಿದೆ: ಪದಾರ್ಥವನ್ನು ಸಾಂದ್ರ ಗಂಧಕಾಮ್ಲದಲ್ಲಿ ಕುದಿಸಬೇಕು. ಅದರಲ್ಲಿರುವ ಸಾರಜನಕವೆಲ್ಲ ಅಮೋನಿಯಂ ಸಲ್ಫೇಟಾಗುತ್ತದೆ. ನಮ್ಮ ರೈತರು ಗೊಬ್ಬರವೆಂದು ಗದ್ದೆಗೆ ಎರಚುವ ಲವಣವೇ ಅದು. ಅದಕ್ಕೆ ಕಾಸ್ಟಿಕ್ ಸೋಡ ಸೇರಿಸಿ ಕಾಯಿಸಿದರೆ ಅಮೋನಿಯ ಅನಿಲವು ಹೊರಬೀಳುತ್ತದೆ. ಅದನ್ನು ಗೊತ್ತಾದ ಆಮ್ಲದಲ್ಲಿ ಹಿಡಿದು, ಎಷ್ಟು ಆಮ್ಲ ತಟಸ್ಥವಾಯಿತೆಂದು ಅಳೆದರೆ ಸಾರಜನಕದ ಲೆಕ್ಕ ಸಿಕ್ಕಿತು. ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕ. ಆದುದರಿಂದ ಬಂದ ಅಂಕೆಯನ್ನು 6.25ರಿಂದ ಗುಣಿಸಿ ‘ಇಷ್ಟು ಪ್ರೋಟೀನು’ ಎಂದು ಬರೆಯುತ್ತಾರೆ. ಹಾಲಿನ ಪ್ರೋಟೀನಿಗೆ ಗುಣಕವು 6.38.

ಮತ್ತೆ ಲ್ಯಾಕ್ಟೋಮೀಟರಿನ ಕಥೆಯೇ! ಅಳೆದುದು ಸಾರಜನಕ, ಬರೆದುದು ಪ್ರೋಟೀನು. ಬಾರ್ಲಿಯ ಕಾಳು ಮೋಸವನ್ನರಿಯದು; ಆದುದರಿಂದ ಕೆಲ್ದಾಲನಿಗೆ ಈ ವ್ಯತ್ಯಾಸ ತೊಡಕಾಗಲಿಲ್ಲ. ಪುಡಿ ಬೆರೆಸುವ ಮನುಷ್ಯನ ವಿಷಯ ಬೇರೆ. ಗ್ಲೈಸೀನ್ ಎಂಬುದು ಅತ್ಯಂತ ಸರಳವಾದ ಅಮೈನೊ ಆಮ್ಲ. ಅಗ್ಗವಾದುದು, ತುಸು ಸಿಹಿಯಾದುದು. ಅದರ ಅಣುತೂಕ 75, ಅದರಲ್ಲಿ ಸಾರಜನಕ 14. ಎಂದರೆ ನೂರಕ್ಕೆ 18.7 ಪಾಲು, 6.25ರಿಂದ ಗುಣಿಸಿದರೆ 116ಕ್ಕೂ ಮಿಕ್ಕಿತು. 100 ಗ್ರಾಂ ಗ್ಲೈಸೀನಿನಲ್ಲಿ 116 ಗ್ರಾಂ ಪ್ರೋಟೀನು! ಹೀಗಿರಲಾಗಿ, 30 ಗ್ರಾಂ ಪುಡಿಯಲ್ಲಿ 18 ಗ್ರಾಂ ನಿಜವಾದ ಪ್ರೋಟೀನಿಟ್ಟು 5 ಗ್ರಾಂ ಚಿಲ್ಲರೆ ಗ್ಲೈಸೀನ್ ಸೇರಿಸಿದರೆ ಪರೀಕ್ಷೆಯು 24 ಗ್ರಾಂ ಎಂದೇ ಸಾರುತ್ತದೆ. ಸ್ನಾಯುಗಳನ್ನು ಕಟ್ಟಲು ದೇಹಕ್ಕೆ ಹೊರಗಿನಿಂದಲೇ ಬರಬೇಕಾದ ಅಮೈನೊ ಆಮ್ಲಗಳಲ್ಲಿ ಗ್ಲೈಸೀನ್ ಸೇರಿಲ್ಲ. ದುಡ್ಡು ಕೊಟ್ಟವನಿಗೆ ದೊರೆತುದು ಅಂಕೆ ಮಾತ್ರ.

ಇದು ಕೇವಲ ದುಡ್ಡಿನ ಪ್ರಶ್ನೆಯೆಂದು ಭಾವಿಸುವವರು 2008ರಲ್ಲಿ ಚೀನಾದಲ್ಲಿ ನಡೆದುದನ್ನು ನೆನೆಯಬೇಕು. ಅಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೀನ್ ಎಂಬ ರಾಸಾಯನಿಕವನ್ನು ಸೇರಿಸಿದರು. ಪ್ಲಾಸ್ಟಿಕ್ ತಟ್ಟೆಗಳ ತಯಾರಿಕೆಗೆ ಬಳಸುವ ವಸ್ತುವದು. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ಕೆಲ್ದಾಲ್ ಪರೀಕ್ಷೆಯ ದೃಷ್ಟಿಯಲ್ಲಿ ಒಂದು ಗ್ರಾಂ ಮೆಲಮೀನ್ ನಾಲ್ಕು ಗ್ರಾಂ ಪ್ರೋಟೀನಿಗಿಂತ ಹೆಚ್ಚಿನದು. ಆ ಹಾಲಿನ ಪುಡಿಯನ್ನು ಕುಡಿದ ಶಿಶುಗಳ ಮೂತ್ರಪಿಂಡಗಳಲ್ಲಿ ಕಲ್ಲುಗಳು ಬೆಳೆದವು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು; ಸರಕಾರದ ಲೆಕ್ಕದಂತೆ 6 ಶಿಶುಗಳು ಅಸುನೀಗಿದವು. ಅದರ ಹಿಂದಿನ ವರ್ಷವೇ ಅಮೆರಿಕೆಯಲ್ಲಿ ನಾಯಿ ಬೆಕ್ಕುಗಳ ಆಹಾರದಲ್ಲಿ ಇದೇ ವಸ್ತು ಸಿಕ್ಕಿಬಿದ್ದಿದ್ದಿತು. ಎಚ್ಚರಿಕೆಯ ಗಂಟೆ ಬಾರಿಸಿದ್ದರೂ ಕೇಳಬೇಕಾದವರು ಕೇಳಲಿಲ್ಲ.

ಹಾಗಾದರೆ ನಿಜವನ್ನು ತಿಳಿಯುವ ದಾರಿ? ಇದೆ. ಟ್ರೈಕ್ಲೋರೊ ಅಸಿಟಿಕ್ ಆಮ್ಲವನ್ನು ಹಾಕಿದರೆ ದೊಡ್ಡ ಪ್ರೋಟೀನು ಅಣುಗಳು ಗರಣೆಗಟ್ಟಿ ತಳಕ್ಕಿಳಿಯುತ್ತವೆ. ಗ್ಲೈಸೀನ್, ಮೆಲಮೀನ್‌ಗಳಂತಹ ಚಿಕ್ಕ ಅಣುಗಳು ದ್ರವದಲ್ಲಿಯೇ ಉಳಿಯುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಕಳ್ಳನಾರೆಂಬುದರ ಸುಳಿವು ಸಿಗುತ್ತದೆ. ಇನ್ನೂ ಖಚಿತವಾದುದು ಅಮೈನೊ ಆಮ್ಲಗಳ ಎಣಿಕೆ. ಪುಡಿಯನ್ನು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಪ್ರೋಟೀನಿನ ಸರಪಳಿ ಕಳಚಿ ಕೊಂಡಿಗಳು ಬಿಡಿಯಾಗುತ್ತವೆ. ಕ್ರೊಮಟೋಗ್ರಫಿಯಿಂದ ಅವನ್ನು ಒಂದೊಂದಾಗಿ ಬೇರ್ಪಡಿಸಿ ಎಣಿಸಬಹುದು. ಕಳಚುವ ಮೊದಲೇ ಪುಡಿಯಲ್ಲಿ ಬಿಡಿ ಗ್ಲೈಸೀನ್ ರಾಶಿಬಿದ್ದಿದ್ದರೆ ಯಾರೋ ಅದನ್ನು ಸುರಿದರೆಂದೇ ಅರ್ಥ. ಈ ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸಿದ ಮೂರ್ ಮತ್ತು ಸ್ಟೈನ್ ಎಂಬ ಅಮೆರಿಕದ ವಿಜ್ಞಾನಿಗಳು 1972ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಆದರೆ ಯಂತ್ರವೆಷ್ಟೇ ಸೂಕ್ಷ್ಮವಾಗಿರಲಿ, ಮಾದರಿಯನ್ನು ತಂದುಕೊಟ್ಟವರಾರು ಎಂಬುದು ಅದಕ್ಕೆ ತಿಳಿಯದು. ತಯಾರಕನೇ ಆರಿಸಿ ಕಳುಹಿಸಿದ ಪೊಟ್ಟಣದ ಫಲಿತಾಂಶವು ಆ ಪೊಟ್ಟಣಕ್ಕೆ ಮಾತ್ರ ಅನ್ವಯಿಸುತ್ತದೆ. ಅಂಗಡಿಯಿಂದ ಸಾಮಾನ್ಯ ಗಿರಾಕಿಯಂತೆ ಕೊಂಡು, ಹೆಸರನ್ನು ಮುಚ್ಚಿ ಬರಿಯ ಸಂಖ್ಯೆಯನ್ನು ಹಚ್ಚಿ, ಪ್ರಮಾಣ ಗೊತ್ತಿರುವ ಪುಡಿಯೊಂದನ್ನೂ ಗುಟ್ಟಾಗಿ ನಡುವೆ ಸೇರಿಸಿ ಪರೀಕ್ಷಿಸಿದರೆ ಮಾತ್ರ ಅಂಕೆಗೆ ಬೆಲೆ. ನನ್ನ ಮಟ್ಟಿಗೆ, ‘ಸ್ವತಂತ್ರ ಪರೀಕ್ಷೆ’ ಎಂಬ ಮಾತಿನಲ್ಲಿ ತೂಕವಿರುವುದು ಎರಡನೆಯ ಪದಕ್ಕಲ್ಲ, ಮೊದಲನೆಯದಕ್ಕೆ.

ನಮ್ಮ ದೇಶದಲ್ಲಿ ಇಂತಹ ಪ್ರಯತ್ನ ನಡೆದಿದೆ. ಕೇರಳದ ಯಕೃತ್ತಿನ ತಜ್ಞ ಡಾ. ಸಿರಿಯಾಕ್ ಆಬಿ ಫಿಲಿಪ್ಸ್ ಅವರೂ ಸಂಗಡಿಗರೂ ಭಾರತದಲ್ಲಿ ಮಾರಾಟವಾಗುವ 36 ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ‘ಮೆಡಿಸಿನ್’ ಎಂಬ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೂರಕ್ಕೆ ಸುಮಾರು 70ರಲ್ಲಿ ಪ್ರೋಟೀನಿನ ವಿವರ ಸರಿಯಿರಲಿಲ್ಲ; ಕೆಲವುಗಳಲ್ಲಿ ಹೇಳಿದ್ದರ ಅರ್ಧದಷ್ಟೇ ಇದ್ದಿತು. ನೂರಕ್ಕೆ ಸುಮಾರು 14ರಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವೂ ಕಂಡುಬಂದಿತು. ಆಹಾರದ ಪರೀಕ್ಷೆಯ ಫಲಿತಾಂಶದ ಬಗ್ಗೆ ವಿವಾದವೆದ್ದರೆ ಕಾನೂನಿನ ಪ್ರಕಾರ ಮಾದರಿಯು ಉನ್ನತ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಂತಹವುಗಳಲ್ಲಿ ಒಂದು, 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ.

ನನ್ನ ವಿದ್ಯಾರ್ಥಿಗೆ ಇಷ್ಟನ್ನೆಲ್ಲ ಹೇಳಿ, ತಯಾರಕರಿಂದ ಪರೀಕ್ಷೆಯ ವರದಿಯನ್ನು ತರಿಸುವಂತೆ ಸೂಚಿಸಿದೆ. ಎರಡು ವಾರಗಳಲ್ಲಿ ಬಂದಿತು. ಮೊಹರು, ಸಹಿ ಎಲ್ಲವೂ ಇದ್ದವು. ವಿಧಾನ: ಕೆಲ್ದಾಲ್. ಅಮೈನೊ ಆಮ್ಲಗಳ ಸುದ್ದಿಯೇ ಇರಲಿಲ್ಲ. ಆತನು ಡಬ್ಬಿಯನ್ನು ತಲೆಕೆಳಗು ಮಾಡಿ ತಳದಲ್ಲಿ ಮುದ್ರಿತವಾಗಿದ್ದ ತಯಾರಿಕೆಯ ತಂಡದ ಸಂಖ್ಯೆಯನ್ನು ಓದಿದನು. ನಾನು ವರದಿಯಲ್ಲಿದ್ದುದನ್ನು ಓದಿದೆನು. ಅವು ಬೇರೆ ಬೇರೆಯಾಗಿದ್ದವು.